ಪಡುಬಂದರಿಗೆ ಹೊರಟ ಪೆಟ್ಟಿಗೆ

ಕೆದಂಬಾಡಿಯ ಮೂಸಕುಂಞಿ ತನ್ನ ಐವತ್ತೊಂಬತ್ತು ವರ್ಷಗಳ ಆಯುಷ್ಯದಲ್ಲಿ ವಿಮಾನ ನಿಲ್ದಾಣಕ್ಕೆ ಏನಿಲ್ಲವೆಂದರೂ ನಾನೂರು ಸಲ ಹೋಗಿದ್ದ. ವಿಮಾನ ಹತ್ತಿದ್ದು ಮಾತ್ರ ಒಮ್ಮೆಯೂ ಇಲ್ಲ. ಇದಕ್ಕೆ ಅವನ ಕಸುಬೇ ಕಾರಣ. ಊರಿನಿಂದ ಗಲ್ಫಿಗೆ ಯಾರೇ ಹೊರಡಲಿ, ಅವರ ರಟ್ಟಿನ ಪೆಟ್ಟಿಗೆ ಕಟ್ಟಲು ಮೂಸಕುಂಞಿಯೇ ಬರಬೇಕು. ನೀಲಿ ಪ್ಲಾಸ್ಟಿಕ್ ಹಗ್ಗ ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಮೂರು ಸುತ್ತು, ಮೂಲೆ ಮೂಲೆಗೆ ಗಂಟು. ಆಮೇಲೆ ದಪ್ಪ ಮಾರ್ಕರ್ ಪೆನ್ನಿನಲ್ಲಿ ನಾಲ್ಕೂ ಬದಿಗೆ ಹೆಸರು, ಮನೆ, ಫೋನ್ ನಂಬರು, ಅದರ ಕೆಳಗೆ ಇಳಿಯುವ ಊರು. ಮೂಸಕುಂಞಿ ಕಟ್ಟಿದ ಪೆಟ್ಟಿಗೆ ವಿಮಾನದಿಂದ ಕೆಳಗೆ ಬಿದ್ದರೂ ಬಿಚ್ಚುವುದಿಲ್ಲ ಎಂಬ ಮಾತಿತ್ತು. ಬಿಚ್ಚಲಾರದೆ ದಮ್ಮಾಮಿನಲ್ಲಿ ಒಬ್ಬರು ಎರಡು ದಿನ ಒಂದೇ ಅಂಗಿಯಲ್ಲಿ ಕೆಲಸಕ್ಕೆ ಹೋದರೆಂಬ ಮಾತೂ ಇತ್ತು. ಅದನ್ನು ಅವನ ಎದುರಿಗೆ ಯಾರೂ ಆಡುತ್ತಿರಲಿಲ್ಲ.

ಪೆಟ್ಟಿಗೆ ಕಟ್ಟಿದವನಿಗೆ ಬೀಳ್ಕೊಡಲು ಹೋಗುವ ವ್ಯಾನಿನಲ್ಲಿ ಒಂದು ಸೀಟು ಖಾತ್ರಿ. ಹೀಗೆ ಅವನು ಊರಿನ ಮುಕ್ಕಾಲು ಪಾಲು ಗಂಡಸರನ್ನು ಕಳಿಸಿ ಬಂದ. ಅಷ್ಟರಲ್ಲಿ ಚಕ್ರ ಇರುವ ಸೂಟ್‌ಕೇಸ್ ಬಂತು. ಅದಕ್ಕೆ ಹಗ್ಗ ಬೇಡ, ಗಂಟು ಬೇಡ, ಮೂಸಕುಂಞಿಯೂ ಬೇಡ. ಹೆಂಡತಿ ಆಸಿಯಾ ತೀರಿಕೊಂಡು ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೆಳಿಗ್ಗೆ ಅಲಿ ಕುಂಞಿಯ ಹೋಟೆಲಿನಲ್ಲಿ ಒಂದು ಚಹ, ಸಂಜೆ ಅಲ್ಲೇ ಇನ್ನೊಂದು ಚಹ. ನಡುವಿನ ಹೊತ್ತನ್ನು ಎಂತ ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತಂಗಿಯೊಬ್ಬಳಿದ್ದಳು, ನುಸೈಬಾ. ಮನೆ ಎದುರಿಗೇ. ಅವಳ ಅಂಗಳ ದಾಟಿಯೇ ಅವನ ಮನೆಗೆ ದಾರಿ. ಆದರೆ ಅಣ್ಣ ತಂಗಿ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಕಾರಣ ಬಹಳ ಗಂಭೀರವಾದದ್ದು. ನುಸೈಬಾಳ ಮಗಳು ಮುಫೀದಾಳ ಮದುವೆಯಲ್ಲಿ ಮೊದಲ ಪಂತಿ ತುಂಬಿತ್ತೆಂದು ಯಾರೋ ಇವನನ್ನು ಎರಡನೇ ಪಂತಿಗೆ ಕೂರಲು ಹೇಳಿದರು. ಹುಡುಗಿಯ ಸ್ವಂತ ಮಾವ ಎರಡನೇ ಪಂತಿಗೆ! ಇವನು ಉಣ್ಣದೆ ಹೋದ. ಉಣ್ಣದೆ ಹೋದನೆಂದು ಅವಳಿಗೆ ಸಿಟ್ಟು. ಆಸಿಯಾ ತೀರಿಕೊಂಡ ದಿನ ನುಸೈಬಾ ಬಂದು, ಮೂರು ದಿನ ಇದ್ದು, ಬಂದವರಿಗೆಲ್ಲ ಗಂಜಿ ಬೇಯಿಸಿ ಹಾಕಿದಳು. ಅಣ್ಣನ ಜೊತೆ ಒಂದೇ ಒಂದು ಮಾತಾಡದೆ ಹೋದಳು. ಅದು ಅವನಿಗೆ ಪಂತಿಗಿಂತ ಹೆಚ್ಚು ನೋವು ಕೊಟ್ಟಿತ್ತು.

ಇಷ್ಟು ಹೇಳಿದ್ದು ಯಾಕೆಂದರೆ, ಇಂಥ ಮನುಷ್ಯನನ್ನು ಒಂದು ಬೆಳಿಗ್ಗೆ ಅಲಿ ಕುಂಞಿ ಕೆಣಕಿಬಿಟ್ಟ.

"ಮೂಸಾಕ, ಊರಿಡೀ ಗಲ್ಫ್ ನೋಡಿ ಬಂತು. ನೀವೊಬ್ರು ಬಾಕಿ."

"ನಮ್ಮ ಕುಟುಂಬ ಗಲ್ಫಿಗೆ ಹೋಗಿ ಮುಗಿಸಿದ್ದು ತೊಂಬತ್ತು ವರ್ಷದ ಹಿಂದೆ," ಎಂದ ಮೂಸಕುಂಞಿ. "ನನ್ನ ಅಜ್ಜ ಪಡುಬಂದರಿನಿಂದ ಮಂಜಿ ಹತ್ತಿ ಬಸ್ರಾಕ್ಕೆ ಹೋದವರು. ಹಾಯಿ ಕಟ್ಟಿದ ಹಡಗು ಅದು, ಗೊತ್ತುಂಟಾ? ನಿಮ್ಮ ಅಜ್ಜಂದಿರು ಆಗ ಪುತ್ತೂರು ಪೇಟೆ ಸಹ ನೋಡಿರ್ಲಿಲ್ಲ."

"ಅಜ್ಜ ಹೋಗಿರ್ಲಿ ಮಾರಾಯ್ರೆ. ಆ ಬಂದರನ್ನು ನೀವು ನೋಡಿದ್ದುಂಟಾ?"

ಹೋಟೆಲಿನಲ್ಲಿದ್ದ ಐದೂ ಜನ ಇವನ ಮುಖ ನೋಡಿದರು. ಮೂವತ್ತು ವರ್ಷದಿಂದ ಬಂದರಿನ ಕಥೆ ಹೇಳಿದವನು ಬಂದರನ್ನು ನೋಡಿರಲಿಲ್ಲ. ಅವನು ಚಹದ ಲೋಟ ಕೆಳಗಿಟ್ಟ.

"ನಾಡಿದ್ದು ಹೋಗ್ತಾ ಇದ್ದೇನೆ," ಎಂದುಬಿಟ್ಟ.

ಹೇಳಿದ ಮೇಲೆ ಹೋಗಬೇಕು. ಉಡುಪಿಯಿಂದ ಆಚೆ, ಹೊಳೆ ಕಡಲು ಸೇರುವಲ್ಲಿ ಪಡುಬಂದರು ಎಂದು ಅಜ್ಜನ ಬಾಯಲ್ಲಿ ಕೇಳಿದ್ದಷ್ಟೆ. ಒಂದು ದಿನ ಹೋಗಿ, ಅಲ್ಲಿ ಎಲ್ಲಾದರೂ ಮಲಗಿ, ಮರುದಿನ ಬರುವುದೆಂದು ನಿಶ್ಚಯಿಸಿದ. ಮರುದಿನ ಬೆಳಿಗ್ಗೆ ಸಾಮಾನು ತೆಗೆದಿಟ್ಟ: ಎರಡು ಲುಂಗಿ, ಒಂದು ಬನಿಯನ್, ಮೈ ಒರೆಸುವ ಬೈರಾಸು, ಅವಲಕ್ಕಿ. ಇಷ್ಟು ತುಂಬಲು ಒಂದು ಚೀಲ ಸಾಕಿತ್ತು. ಆದರೆ ಅವನ ಮನೆಯಲ್ಲಿ ಚೀಲ ಇರಲಿಲ್ಲ, ಖಾಲಿ ಪೆಟ್ಟಿಗೆಗಳು ಹನ್ನೊಂದಿದ್ದವು. ಪ್ರಯಾಣವೆಂದರೆ ಪೆಟ್ಟಿಗೆ ಎಂದು ಅವನ ಕೈಗೆ ಗೊತ್ತಿತ್ತು. ಕೈ ತನ್ನಷ್ಟಕ್ಕೆ ಹಗ್ಗ ಹಾಕಿತು, ಗಂಟು ಬಿಗಿಯಿತು, ಮಾರ್ಕರ್ ತೆಗೆದು ನಾಲ್ಕೂ ಬದಿಗೆ 'ಮೂಸಕುಂಞಿ, ಕೆದಂಬಾಡಿ' ಎಂದು ಬರೆಯಿತು. ಸಾವಿರಾರು ಹೆಸರು ಬರೆದ ಕೈ ತನ್ನ ಯಜಮಾನನ ಹೆಸರನ್ನು ಬರೆದದ್ದು ಅದೇ ಮೊದಲು. ಇಳಿಯುವ ಊರಿನ ಜಾಗದಲ್ಲಿ ಎಂತ ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟ. ಶಾಯಿ ಒಣಗಲೆಂದು ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟ.

ಅನಾಹುತ ಅಲ್ಲಿಂದ ಸುರುವಾಯಿತು.

ಹಾಲು ಕೊಟ್ಟು ಬರುತ್ತಿದ್ದ ಪಕ್ಕದ ಮನೆಯ ನಶೀದಾ ಪೆಟ್ಟಿಗೆ ನೋಡಿ ನಿಂತಳು. ಹತ್ತಿರ ಬಂದು ಹೆಸರು ಓದಿದಳು. ಮತ್ತೊಂದು ಬದಿಗೆ ಹೋಗಿ ಅಲ್ಲೂ ಓದಿದಳು.

"ಮೂಸಾಕ! ನಿಮಗೂ ಬಂತಾ?"

"ಎಂತ ಬಂತು? ನಾನು ಬಂದರು ನೋಡ್ಲಿಕ್ಕೆ ಹೋಗುದು ಮಾರಾಯ್ತಿ. ನಾಳೆ ಹೋಗಿ ನಾಡಿದ್ದು ಬರುದು."

ನಶೀದಾ ತುಟಿಗೆ ಬೆರಳಿಟ್ಟಳು. "ಗೊತ್ತಾಯ್ತು, ಗೊತ್ತಾಯ್ತು. ಹತ್ತುವವರೆಗೆ ಬಾಯಿ ಬಿಡ್ಬಾರ್ದು. ನಮ್ಮ ಸಫ್ವಾನ್ ಸಹ ಪುತ್ತೂರಿಗೆ ಚಪ್ಪಲಿ ತರ್ಲಿಕ್ಕೆ ಹೋಗ್ತೇನೆ ಅಂತ ಹೇಳಿಯೇ ಹೋದದ್ದು. ನಾಲ್ಕು ವರ್ಷ ಆಯ್ತು."

ಇಲ್ಲಿ ಊರಿನ ಒಂದು ಪದ್ಧತಿ ಹೇಳಬೇಕು. ವೀಸಾ ಬಂದ ಸುದ್ದಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಕಣ್ಣು ಬೀಳುತ್ತದೆ, ಕಣ್ಣು ಬಿದ್ದರೆ ಮೆಡಿಕಲ್ ಟೆಸ್ಟಿನಲ್ಲಿ ಏನಾದರೊಂದು ಕಾಣುತ್ತದೆ. ಆದ್ದರಿಂದ ಗಲ್ಫಿಗೆ ಹೊರಟವನು ಉಪ್ಪಿನಂಗಡಿಗೆ ಹೋಗುತ್ತೇನೆ, ಹಲ್ಲು ಕೀಳಿಸಲು ಹೋಗುತ್ತೇನೆ ಎಂದೆಲ್ಲ ಹೇಳುತ್ತಾನೆ. ಕೇಳಿದವರು ತಲೆಯಾಡಿಸುತ್ತಾರೆ. ಹೀಗಿರುವಾಗ 'ನಾಡಿದ್ದು ಬರುದು' ಎಂದು ಪೆಟ್ಟಿಗೆ ಕಟ್ಟಿಟ್ಟವನು ಎಲ್ಲಿಗೆ ಹೋಗುತ್ತಾನೆಂದು ಸಣ್ಣ ಮಗುವಿಗೂ ಗೊತ್ತಾಗುತ್ತದೆ. ಮೂಸಕುಂಞಿ ಎಷ್ಟು ನಿಜ ಹೇಳಿದನೋ ಅಷ್ಟು ಸಿಕ್ಕಿಬಿದ್ದ.

ಮಧ್ಯಾಹ್ನ ಅಲಿ ಕುಂಞಿಯ ಹೋಟೆಲಿಗೆ ಕಾಲಿಟ್ಟಾಗ ಅಲ್ಲಿ ಆದಂ ಕುಂಞಿ ಭಾಷಣ ಮಾಡುತ್ತಿದ್ದ. ಆದಂ ಕುಂಞಿ ಇಪ್ಪತ್ತೆರಡು ವರ್ಷ ದೋಹಾದಲ್ಲಿದ್ದು ಬಂದವನಾದ್ದರಿಂದ ಗಲ್ಫಿನ ಯಾವ ವಿಷಯಕ್ಕೂ ಊರಿನಲ್ಲಿ ಅವನದೇ ಕೊನೆಯ ತೀರ್ಪು.

"ಬಂದರು ಅಂತ ಹೇಳಿದ್ದು ಸುಳ್ಳಲ್ಲ," ಎನ್ನುತ್ತಿದ್ದ ಆದಂ ಕುಂಞಿ. "ಇನ್ನು ಹಡಗು ಸುರು ಆಗ್ತದೆ, ವಾಟ್ಸಾಪಿನಲ್ಲಿ ಬಂದಿತ್ತು. ಮೂರು ದಿನದಲ್ಲಿ ದುಬೈ. ಮೊದಲ ಟ್ರಿಪ್ಪಿಗೆ ಇವ್ರಿಗೆ ಸೀಟು ಸಿಕ್ಕಿರ್ಬೇಕು."

"ಈ ಪ್ರಾಯದಲ್ಲಿ ಯಾರು ಮಾರಾಯ್ರೆ ವೀಸಾ ಕೊಡುದು?" ಎಂದು ಅಲಿ ಕುಂಞಿ ಕೇಳಿದ.

"ಪೆಟ್ಟಿಗೆ ಕಟ್ಲಿಕ್ಕೆ! ಅಲ್ಲಿಂದ ಬರುವವರ ಪೆಟ್ಟಿಗೆ ಯಾರು ಕಟ್ಟುದು? ಕಂಪೆನಿಯವರೇ ಕರೆಸಿಕೊಂಡದ್ದು."

ಈ ವಿವರಣೆ ಎಷ್ಟು ಚಂದವಿತ್ತೆಂದರೆ ಮೂಸಕುಂಞಿಗೂ ಅರೆಗಳಿಗೆ ತಾನು ಹೋಗುವುದು ನಿಜವೆನಿಸಿತು. ಅವನನ್ನು ಕಂಡು ಎಲ್ಲರೂ ಎದ್ದು ನಿಂತರು. ಅಲಿ ಕುಂಞಿ ಕೇಳದೆಯೇ ಚಹ ತಂದಿಟ್ಟ. ಅದರಲ್ಲಿ ಹಾಲು ಹೆಚ್ಚಿತ್ತು.

"ನಾನು ಬರೇ ಬಂದರು ನೋಡಿ ಬರುದು," ಎಂದ ಮೂಸಕುಂಞಿ.

"ಹೌದು ಹೌದು," ಎಂದರು ಐದೂ ಜನ.

ಸಂಜೆಯಿಂದ ಅವನ ಮನೆಗೆ ಜನ ಬರತೊಡಗಿದರು. ಆಸಿಯಾಳ ನಲವತ್ತನೇ ದಿನದ ನಂತರ ಆ ಜಗಲಿಯಲ್ಲಿ ಎರಡು ಜೊತೆ ಚಪ್ಪಲಿ ಒಟ್ಟಿಗೆ ಕಂಡದ್ದಿಲ್ಲ. ಈಗ ಎಣಿಸಲಾಗದಷ್ಟು. ಊರಿನ ಇನ್ನೊಂದು ಪದ್ಧತಿಯೆಂದರೆ ಹೋಗುವವನ ಕೈಯಲ್ಲಿ ಕೊಟ್ಟು ಕಳಿಸುವುದು. ನಶೀದಾ ದಮ್ಮಾಮಿನಲ್ಲಿರುವ ಗಂಡ ಸಫ್ವಾನನಿಗೆಂದು ಒಂದು ಕಟ್ಟು ಒಣಮೀನು ತಂದಳು. ಆದಂ ಕುಂಞಿ ಮಗ ಅಫ್ರೀದನಿಗೆಂದು ಆರು ಲುಂಗಿ ತಂದ. ಅಫ್ರೀದ್ ಇರುವುದು ದೋಹಾದಲ್ಲಿ, ಹಡಗು ಹೋಗುವುದು ದುಬೈಗೆ ಎಂದರೆ, "ದಾರಿಯಲ್ಲೇ ಅಲ್ವಾ, ಸ್ವಲ್ಪ ನಿಲ್ಸಿದ್ರೆ ಆಯ್ತು," ಎಂದ. ಇಪ್ಪತ್ತೆರಡು ವರ್ಷ ಇದ್ದವನ ಮಾತು, ಯಾರು ಎದುರಾಡುವುದು?

ಸೊಸೈಟಿಯ ರೇಶನ್ ಅಂಗಡಿಯ ಮೇದಪ್ಪ ಗೌಡರೂ ಹೆಂಡತಿ ದೇವಮ್ಮನೂ ಬಂದರು. ದೇವಮ್ಮನ ಕೈಯಲ್ಲಿ ಎಳೆ ಬಿದಿರಿನ ಕಣಿಲೆ ಉಪ್ಪಿನಕಾಯಿಯ ಭರಣಿ, ಮಸ್ಕತಿನಲ್ಲಿ ಲಿಫ್ಟ್ ರಿಪೇರಿ ಮಾಡುವ ಮಗ ಸುಜಯನಿಗೆ. ಮೇದಪ್ಪ ಗೌಡರ ಕೈಯಲ್ಲಿ ಒಂದು ಅರ್ಜಿ.

"ಬ್ಯಾರಿಗಳೇ, ಹೆಬ್ಬೆಟ್ಟು ಬೀಳದಿದ್ರೆ ನಿಮ್ಮ ಕಾರ್ಡಿಗೆ ತೊಂದರೆ ಉಂಟು. ಊರಲ್ಲಿ ಇಲ್ಲ ಅಂತ ಮೊದಲೇ ಬರ್ದು ಕೊಡಿ."

"ಗೌಡ್ರೇ, ನಾನು ನಾಡಿದ್ದು ಬರ್ತೇನೆ."

"ಎಲ್ಲರೂ ಹೀಗೇ ಹೇಳುದು," ಎಂದು ಗೌಡರು ಪೆನ್ನು ಕೊಟ್ಟರು. "ಮತ್ತೆ ಅಕ್ಕಿ ಬರ್ಲಿಲ್ಲ ಅಂತ ನನ್ನನ್ನು ಬೈಯುದು. ಇಲ್ಲಿ ಸೈನು ಹಾಕಿ."

ಮೂಸಕುಂಞಿ ಸಹಿ ಹಾಕಿದ. ತಾನು ಊರಿನಲ್ಲಿ ಇಲ್ಲವೆಂದು ಊರಿನಲ್ಲಿ ಕುಳಿತೇ ಬರೆದುಕೊಟ್ಟ.

ಕೊನೆಗೆ, ಎಲ್ಲರೂ ಎದ್ದು ಹೋಗುವ ಹೊತ್ತಿಗೆ, ನುಸೈಬಾ ಬಂದಳು. ಕೈಯಲ್ಲಿ ಅಕ್ಕಿರೊಟ್ಟಿಯಂಥ ಪತ್ತಿರಿಯ ಡಬ್ಬಿ, ಕೋಳಿ ಸಾರಿನ ಪಾತ್ರೆ. ಜಗಲಿಯ ಮೆಟ್ಟಿಲಲ್ಲಿ ನಿಂತಳು. ಇದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಬೇಗ ಬೇಗ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಹೊರಟವರು ಗೇಟಿನ ಹತ್ತಿರ ನಿಂತು ನೋಡಿದರು, ಅದು ಬೇರೆ ವಿಷಯ.

"ಕಾಕ," ಎಂದಳು ನುಸೈಬಾ.

ಅಣ್ಣನನ್ನು ಕರೆಯುವ ಆ ಶಬ್ದವನ್ನು ಮೂಸಕುಂಞಿ ಒಂಬತ್ತು ವರ್ಷದ ಮೇಲೆ ಕೇಳಿದ. ಪೆಟ್ಟಿಗೆಯ ಮೇಲೆ ಕುಳಿತ.

"ಎದುರು ಬದುರು ಮನೆ. ನೀನು ಕೆಮ್ಮಿದ್ದು ನನಗೆ ಕೇಳ್ತದೆ, ನಾನು ಪಾತ್ರೆ ತೊಳೆದದ್ದು ನಿನಗೆ ಕೇಳ್ತದೆ. ಆದ್ರೆ ಮಾತಿಲ್ಲ." ಅವಳು ಡಬ್ಬಿಯನ್ನು ಜಗಲಿಯಲ್ಲಿಟ್ಟಳು. "ಈಗ ನೀನು ಹೋಗ್ತಾ ಇದ್ದೀ. ಅವತ್ತಿನದ್ದು ಮನಸ್ಸಲ್ಲಿ ಇಟ್ಕೊಳ್ಬೇಡ. ನನ್ನದೂ ತಪ್ಪುಂಟು." ಆಮೇಲೆ ಜೋರಾಗಿ ಅತ್ತಳು.

ಈಗ ಹೇಳಲೇಬೇಕಿತ್ತು. ನುಸೈಬಾ, ನಾನು ಎಲ್ಲಿಗೂ ಹೋಗುವುದಿಲ್ಲ, ನಾಡಿದ್ದು ಸಂಜೆ ಇಲ್ಲೇ ಇರುತ್ತೇನೆ ಎಂದು. ಹೇಳಲು ಬಾಯಿ ತೆರೆದ. ತೆರೆದ ಬಾಯಿಗೆ ಅವಳು ಸಾರಿನಲ್ಲಿ ಅದ್ದಿದ ಪತ್ತಿರಿಯ ತುಂಡು ಇಟ್ಟಳು. ಅವನು ನುಂಗಿದ. ಅದರ ಜೊತೆ ನಿಜವೂ ಒಳಗೆ ಹೋಯಿತು. ಎಂಟು ಪತ್ತಿರಿ ತಿಂದ. ಒಂದೊಂದು ಪತ್ತಿರಿಯ ನಡುವೆ ಹೇಳಬೇಕೆಂದುಕೊಂಡ, ಅವಳ ಮುಖ ನೋಡಿ ಇನ್ನೊಂದು ತಿಂದ. ಅವಳು ಹೋದ ಮೇಲೆ ನೆನಪಾಯಿತು: ಶಾರ್ಜಾದಲ್ಲಿರುವ ಮಗ ಜಾಸಿರನಿಗೆಂದು ಅವಳು ಎಂತದೂ ಕೊಟ್ಟಿರಲಿಲ್ಲ. ಅಳುವ ಗಡಿಬಿಡಿಯಲ್ಲಿ ಮರೆತಿರಬೇಕೆಂದುಕೊಂಡ.

ಆ ದಿನ ಮೂಸಕುಂಞಿಗೆ ತನ್ನ ಲೆಕ್ಕಾಚಾರ ಸ್ಪಷ್ಟವಾಯಿತು. ಗಲ್ಫಿಗೆ ಹೋದರೆ ತಂಗಿ ಉಂಟು, ಹೋಗದಿದ್ದರೆ ಇಲ್ಲ. ಸುಳ್ಳು ಹೇಳಿ ತನ್ನನ್ನು ಅಳಿಸಿದನೆಂದು ಅವಳಿಗೆ ಗೊತ್ತಾದರೆ ಇನ್ನು ಒಂಬತ್ತು ವರ್ಷವಲ್ಲ, ಮಯ್ಯತ್ತು ಎತ್ತುವ ದಿನದವರೆಗೂ ಮಾತಿಲ್ಲ.

ಬೀಳ್ಕೊಡಲು ಎಲ್ಲರೂ ಪಡುಬಂದರಿನವರೆಗೆ ಬರುವುದೆಂದು ಬಾಡಿಗೆ ವ್ಯಾನಿನ ತಮೀಮ್ ತನ್ನ ಓಮ್ನಿ ತೊಳೆದಿಟ್ಟಿದ್ದ. ಬಂದರಿನೊಳಗೆ ಬೇರೆಯವರನ್ನು ಬಿಡುವುದಿಲ್ಲ ಎಂದು ಮೂಸಕುಂಞಿ ಹೇಗೋ ತಪ್ಪಿಸಿದ. ಅವನು ಹೇಳಿದ ಮೊದಲ ಸುಳ್ಳು ಅದು. ಅದೊಂದರ ಬಗ್ಗೆ ಮಾತ್ರ ಯಾರೂ ಸಂಶಯ ಪಡಲಿಲ್ಲ. ಪುತ್ತೂರು ಬಸ್‌ಸ್ಟ್ಯಾಂಡಿಗೆ ಹದಿನಾಲ್ಕು ಜನ ಬಂದರು. ಪದ್ಧತಿಯಂತೆ ಒಬ್ಬೊಬ್ಬರಾಗಿ ಕೈಹಿಡಿದು ತಪ್ಪೊಪ್ಪಿಕೊಂಡರು.

"ಮೂಸಾಕ, ನಿಮ್ಮ ಚಹಕ್ಕೆ ನಾನು ಹಾಲು ಕಡಿಮೆ ಹಾಕ್ತಿದ್ದೆ," ಎಂದ ಅಲಿ ಕುಂಞಿ.

"ನಿಮ್ಮ ಹಲಸಿನಕಾಯಿ ಮಂಗ ತಿಂದದ್ದಲ್ಲ, ನಾನೇ ಕೊಯ್ಸಿದ್ದು," ಎಂದ ಆದಂ ಕುಂಞಿ.

ನುಸೈಬಾ ಸೆರಗಿನಿಂದ ಅಣ್ಣನ ಅಂಗಿಯ ಗುಂಡಿ ಒರೆಸಿದಳು.

"ಎಲ್ಲಿಗೆ?" ಎಂದು ಕಂಡಕ್ಟರ್ ಕೇಳಿದ.

"ಮಂಗಳೂರು," ಎಂದ ಮೂಸಕುಂಞಿ.

"ಅಲ್ಲಿಂದ ದುಬೈ!" ಎಂದು ಹಿಂದಿನಿಂದ ಹದಿಮೂರು ಜನ ಕೂಗಿದರು. ಬಸ್ಸು ಹೊರಟಾಗ ಮೂಸಕುಂಞಿ ಕಿಟಕಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತ. ನಾನೂರು ಸಲ ಕೈ ಬೀಸಿದವನಿಗೆ ಒಮ್ಮೆ ಜನ ಕೈ ಬೀಸಿದ್ದರು. ಪಕ್ಕದ ಸೀಟಿನವನು ಇವನ ಕಾಲ ಬಳಿಯ ಒಣಮೀನಿನ ವಾಸನೆಗೆ ಕಣ್ಣಲ್ಲಿ ನೀರು ಬಂದದ್ದೆಂದು ತಿಳಿದು ಎದ್ದು ಬೇರೆ ಕಡೆ ಕುಳಿತ.

ಪಡುಬಂದರು ಸಿಕ್ಕಿದ್ದು ಮೂರು ಬಸ್ಸು ಬದಲಿಸಿ, ಒಂದು ರಿಕ್ಷಾ ಹಿಡಿದ ಮೇಲೆ. ಮೂಸಕುಂಞಿ ಪೆಟ್ಟಿಗೆ ಹೊತ್ತು, ಪೊಟ್ಟಣಗಳ ಗೋಣಿ ಎಳೆದುಕೊಂಡು ಹಡಗು ನಿಲ್ಲುವ ಧಕ್ಕೆಯ ಮೇಲೆ ನಿಂತು ಸುತ್ತ ನೋಡಿದ. ಕಪ್ಪು ಕಲ್ಲಿನ ಉದ್ದ ಕಟ್ಟೆ, ಹಡಗು ಕಟ್ಟುವ ತುಕ್ಕು ಹಿಡಿದ ಬಳೆಗಳು, ನೀರಿಗಿಳಿಯುವ ಪಾಚಿಗಟ್ಟಿದ ಮೆಟ್ಟಿಲು. ಹಿಂದೆ ಹೆಂಚಿನ ಮಾಡಿನ ಎರಡು ಗೋದಾಮು. ಒಂದರ ಮಾಡು ಅರ್ಧ ಹೋಗಿತ್ತು, ಇನ್ನೊಂದರ ಬಾಗಿಲಿಗೆ ಆಲದ ಬೇರು ಬಂದಿತ್ತು. ಮುಂದೆ ಅಗಲವಾದ ಹೊಳೆ, ಆಚೆ ಅಳಿವೆ, ಅದರಾಚೆ ಕಡಲಿನ ಬಿಳಿ ಗೆರೆ. ನೀರು ಇಳಿತದಲ್ಲಿತ್ತು. ಕೆಸರಿನಲ್ಲಿ ಕೊಕ್ಕರೆಗಳು ಒಂದೊಂದೇ ಹೆಜ್ಜೆ ಇಡುತ್ತಿದ್ದವು. ಆಚೆ ದಡಕ್ಕೆ ಹೋಗುವ ಒಂದು ಯಂತ್ರದ ದೋಣಿ ಬಿಟ್ಟರೆ ಅಲ್ಲಿ ತೇಲುವ ವಸ್ತು ಇರಲಿಲ್ಲ. ಇಷ್ಟು ಮೌನವಾದ ಜಾಗವನ್ನು ಅವನು ತನ್ನ ಮನೆಯ ಹೊರಗೆ ಕಂಡದ್ದೇ ಇಲ್ಲ.

"ನಿಲ್ಲಿ! ಎಂತ ಸಾಮಾನು ಅದು?"

ಗೋದಾಮಿನ ಪಕ್ಕದ ಸಣ್ಣ ಕಚೇರಿಯಿಂದ ಒಬ್ಬ ಹೆಂಗಸು ಓಡಿ ಬಂದಳು, ಮೂವತ್ತರ ಪ್ರಾಯ, ಕೈಯಲ್ಲಿ ದೊಡ್ಡದೊಂದು ರಿಜಿಸ್ಟರು. ಹೆಸರು ಯಶಸ್ವಿ, ಬಂದರಿನ ಗುಮಾಸ್ತೆ. ಓಡಿ ಬಂದ ರಭಸಕ್ಕೆ ಮೂಸಕುಂಞಿ ಎರಡೂ ಕೈ ಮೇಲೆತ್ತಿದ.

"ನಂದೇ ಮೇಡಂ. ಲುಂಗಿ."

"ಲುಂಗಿಯೋ, ಬೆಳ್ಳಿಯೋ, ಧಕ್ಕೆಗೆ ಬಂದ ಸಾಮಾನು ಬರ್ಕೊಳ್ಬೇಕು," ಎಂದಳು ಯಶಸ್ವಿ. ಅವಳಿಗೆ ಏದುಸಿರು, ಆದರೆ ಮುಖದಲ್ಲಿ ಹಬ್ಬ. "ನಾನು ಸೇರಿ ಹನ್ನೊಂದು ತಿಂಗಳಾಯ್ತು. ದಿನಾ ಬಂದು ಬಾಗಿಲು ತೆರೆದು, ಬಂದ ಹಡಗು ಇಲ್ಲ, ಹೋದ ಹಡಗು ಇಲ್ಲ, ಬಂದ ಸಾಮಾನು ಇಲ್ಲ, ಹೋದ ಸಾಮಾನು ಇಲ್ಲ ಅಂತ ಬರ್ದು ಬಾಗಿಲು ಹಾಕುದು. ನನಗಿಂತ ಮೊದಲಿನವ್ರು ಇಪ್ಪತ್ತಾರು ವರ್ಷ ಇದನ್ನೇ ಬರ್ದು ರಿಟೈರ್ ಆದ್ರು. ಹೇಳಿ, ಎಷ್ಟು ಪೆಟ್ಟಿಗೆ?"

"ಒಂದು."

"ಒಂದು!" ಎಂದು ಬಾಯಿಬಿಟ್ಟು ಹೇಳುತ್ತ ಅವಳು ಅದನ್ನು ಚಂದದ ಅಕ್ಷರದಲ್ಲಿ ಬರೆದಳು. "ಹೋಗುದು ಎಲ್ಲಿಗೆ?"

ಮೂಸಕುಂಞಿ ಪೆಟ್ಟಿಗೆಯ ಮೇಲೆ ಕುಳಿತ. ಎರಡು ದಿನದಿಂದ ಎಲ್ಲರಿಗೂ ಹೇಳಿ ಯಾರೂ ನಂಬದ ನಿಜವನ್ನು ಮೊದಲಿನಿಂದ ಕೊನೆಯವರೆಗೆ ಅವಳಿಗೆ ಹೇಳಿದ. ಅಜ್ಜನ ಮಂಜಿ, ಪೆಟ್ಟಿಗೆ, ಒಣಮೀನು, ಪತ್ತಿರಿ, ತಂಗಿ. ಅವಳು ರಿಜಿಸ್ಟರನ್ನು ಮಡಿಲಲ್ಲಿಟ್ಟು ಕೇಳಿದಳು. ನಂಬಿದಳು. ಅವಳು ಪುತ್ತೂರಿನಾಚೆಯ ಮರ್ಕಂಜದವಳೆಂದು ಆಮೇಲೆ ಗೊತ್ತಾಯಿತು.

"ನಮ್ಮ ಕಡೆಯವ್ರು!" ಎಂದಳು. ಹೇಳುವಾಗ ಅವಳ ಕಣ್ಣು ತುಂಬಿ ಬಂತು. "ನಿಮಗೆ ಒಂದು ಸತ್ಯ ಹೇಳ್ತೇನೆ. ಆದಿತ್ಯವಾರ ಸಹ ನಾನು ಆಫೀಸಿಗೆ ಬರುದು. ರೂಮಿನಲ್ಲಿ ಒಬ್ಬಳೇ ಎಂತ ಮಾಡುದು? ಇಲ್ಲಿ ಬರೀಲಿಕ್ಕೆ ಒಂದು ರಿಜಿಸ್ಟರಾದ್ರೂ ಉಂಟು."

ಅಜ್ಜನ ಹೆಸರು ಹುಡುಕೋಣವೆಂದು ಅವಳು ಕಪಾಟು ತೆರೆದಳು. ನೂರು ವರ್ಷದ ಹಿಂದಿನ ಪುಸ್ತಕಗಳೂ ಇದ್ದವು. ಅಜ್ಜನ ಕಾಲದ ಹದಿನೈದು ವರ್ಷಗಳನ್ನು ಮಾತ್ರ ಗೆದ್ದಲು ತಿಂದಿತ್ತು. ಮೂಸಕುಂಞಿ ದೊಡ್ಡದೊಂದು ಉಸಿರು ಬಿಟ್ಟ. ಅಜ್ಜ ಬಸ್ರಾಕ್ಕೆ ಹೋಗಿದ್ದರೆಂದು ರುಜುವಾತಾಗದಿದ್ದರೂ ಹೋಗಿರಲಿಲ್ಲವೆಂದು ಇನ್ನು ಅಲಿ ಕುಂಞಿಯ ಹತ್ತು ತಲೆಮಾರಿಗೂ ರುಜುವಾತು ಮಾಡಲು ಬರುವುದಿಲ್ಲ.

ಧಕ್ಕೆಯ ಹಿಂದಿನ ಸಣ್ಣ ಮಸೀದಿಯ ಉಸ್ತಾದರು ಮಲಗಲು ಜಾಗ ಕೊಟ್ಟರು. ಮರುದಿನ ಊರಿಗೆ ಹೊರಡಬೇಕಿತ್ತು, ಹೊರಡಲಿಲ್ಲ. ಹಡಗು ದುಬೈ ಮುಟ್ಟಲು ಮೂರು ದಿನ ಬೇಕೆಂದು ಆದಂ ಕುಂಞಿ ಹೇಳಿದ್ದ, ಒಂದೇ ದಿನಕ್ಕೆ ಹಿಂದೆ ಹೋದರೆ ಮುಖ ತೋರಿಸುವುದು ಹೇಗೆ? ಬೆಳಿಗ್ಗೆ ಧಕ್ಕೆಯ ಮೆಟ್ಟಿಲಲ್ಲಿ ಕುಳಿತ. ನೀರು ಕೆಳಗಿನ ಏಳು ಮೆಟ್ಟಿಲು ಏರಿ ಬಂತು. ಸಂಜೆ ಏಳು ಮೆಟ್ಟಿಲು ಇಳಿದು ಹೋಯಿತು. ಬಂದದ್ದಕ್ಕೂ ಹೋದದ್ದಕ್ಕೂ ಅದು ಯಾರನ್ನೂ ಕೇಳಲಿಲ್ಲ. ಒಣಮೀನಿನ ವಾಸನೆ ಹಿಡಿದು ಬಂದರಿನ ಅಷ್ಟೂ ಬೆಕ್ಕುಗಳು ಅವನ ಸುತ್ತ ಸೇರಿದವು. ಒಟ್ಟು ಒಂಬತ್ತು. ಅವನು ಎದ್ದರೆ ಏಳುತ್ತಿದ್ದವು, ಕುಳಿತರೆ ಕುಳಿತುಕೊಳ್ಳುತ್ತಿದ್ದವು. ಮಧ್ಯಾಹ್ನ ಯಶಸ್ವಿ ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟಳು. ಸುಜಯನ ಉಪ್ಪಿನಕಾಯಿ ಭರಣಿಯನ್ನು ಇಬ್ಬರೂ ನೋಡಿದರು, ಮುಟ್ಟಲಿಲ್ಲ. ಕಡಲು ಅಷ್ಟು ಹತ್ತಿರವಿದ್ದೂ ಮೂಸಕುಂಞಿಗೆ ನೆನಪಾಗುತ್ತಿದ್ದುದು ಎದುರು ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು. ಎರಡನೇ ದಿನವೂ ನೀರು ಬಂತು, ಹೋಯಿತು. ಇಷ್ಟು ಒಂಟಿತನವನ್ನು ಅವನು ಐದು ವರ್ಷ ಮನೆಯಲ್ಲೇ ಅನುಭವಿಸಿದ್ದ, ಆದರೆ ಇದಕ್ಕಾಗಿ ಬಸ್ಸು ಹಿಡಿದು ಬಂದದ್ದು ಇದೇ ಮೊದಲು.

ಮೂರನೇ ದಿನ ಮಧ್ಯಾಹ್ನ ಫೋನು ಬಡಿದುಕೊಂಡಿತು. ನುಸೈಬಾ.

"ಕಾಕ, ಮುಟ್ಟಿದಿಯಾ?"

ಅವನು ಎದ್ದು ನಿಂತ. ಬೆಕ್ಕುಗಳೂ ಎದ್ದವು. "ಮುಟ್ಟಿದೆ."

"ಹೇಗುಂಟು ಅಲ್ಲಿ?"

"ಬಿಸಿಲು ಜೋರು."

"ದೊಡ್ಡ ದೊಡ್ಡ ಬಿಲ್ಡಿಂಗ್ ಉಂಟಾ?"

ಮೂಸಕುಂಞಿ ಗೋದಾಮಿನ ಕಡೆ ನೋಡಿದ. "ಉಂಟು. ಒಂದರ ಮಾಡು ಸ್ವಲ್ಪ ಹೋಗಿದೆ."

ಅಷ್ಟರಲ್ಲಿ ಉಸ್ತಾದರ ಹುಂಜ ಧಕ್ಕೆಯ ಮೇಲೆ ಬಂದು, ಕತ್ತು ಚಾಚಿ, ಇಡೀ ಅಳಿವೆಗೆ ಕೇಳುವಂತೆ ಕೂಗಿತು.

"ದುಬೈಯಲ್ಲಿ ಕೋಳಿ ಕೂಗ್ತದಾ?"

"ಯಾರೋ ಊರಿನಿಂದ ತಂದದ್ದಿರ್ಬೇಕು."

ಮೂಸಕುಂಞಿ ಇನ್ನೊಂದು ಸುಳ್ಳಿಗೆ ಬಾಯಿ ತೆರೆದ. ಆದರೆ ಈ ಸಲ ಬಾಯಿಗೆ ಇಡಲು ಯಾರ ಕೈಯಲ್ಲೂ ಪತ್ತಿರಿ ಇರಲಿಲ್ಲ.

"ನುಸೈಬಾ," ಎಂದ. "ನಾನು ಹೋಗ್ಲಿಲ್ಲ. ಪಡುಬಂದರಿನಲ್ಲೇ ಇದ್ದೇನೆ. ಇಲ್ಲಿಂದ ಯಾವ ಹಡಗೂ ಹೋಗುದಿಲ್ಲ. ನಾನು ಮೊದಲಿಂದಲೂ ನೋಡ್ಲಿಕ್ಕೆ ಅಂತಲೇ ಹೊರಟದ್ದು. ನೀನು ಅತ್ತಾಗ ಹೇಳ್ಲಿಕ್ಕೆ ಆಗ್ಲಿಲ್ಲ. ಹೇಳಿದ್ರೆ ನೀನು ಎದ್ದು ಹೋಗ್ತಿ ಅಂತ ಹೆದರಿಕೆ ಆಯ್ತು. ಈಗ ನೀನು ಮಾತು ಬಿಡುದಾದ್ರೆ ಬಿಡು. ನನಗೆ ಬೇಜಾರಿಲ್ಲ." ಸ್ವಲ್ಪ ತಡೆದು, "ಬೇಜಾರುಂಟು," ಎಂದ.

"ಮುಗೀತಾ?" ಎಂದಳು ನುಸೈಬಾ. "ಕಾಕ, ನಿನಗೆ ಪಾಸ್‌ಪೋರ್ಟೇ ಇಲ್ಲ."

"ಹಾಂ?"

"ಪಾಸ್‌ಪೋರ್ಟ್ ಮಾಡ್ಸಿದ್ರೆ ಪೊಲೀಸಿನವ್ರು ವಿಚಾರಿಸ್ಲಿಕ್ಕೆ ಬರ್ತಾರೆ. ನಿನ್ನ ಮನೆಗೆ ದಾರಿ ನನ್ನ ಅಂಗಳದಿಂದ. ನನ್ನನ್ನು ಕೇಳದೆ ಯಾವ ಪೊಲೀಸು ನಿನ್ನ ಮನೆಗೆ ಹೋಗ್ಲಿಕ್ಕೆ ಉಂಟು? ನಶೀದಾ ಬಂದು ಹೇಳಿದಾಗಲೇ ನನಗೆ ಗೊತ್ತಾಯ್ತು, ಇವ ಎಲ್ಲಿಗೂ ಹೋಗುದಿಲ್ಲ ಅಂತ."

"ಗೊತ್ತಿದ್ದೂ ಬಂದದ್ದಾ?"

"ಬರ್ಲಿಕ್ಕೆ ಒಂದು ನೆಪ ಬೇಡ್ವಾ?" ನುಸೈಬಾಳ ದನಿ ಏರಿತು. "ಒಂಬತ್ತು ವರ್ಷದಿಂದ ಕಾಯ್ತಾ ಇದ್ದೇನೆ. ನಿನಗೊಂದು ಜ್ವರ ಬಂದ್ರೆ ಗಂಜಿ ಹಿಡ್ಕೊಂಡು ಬರ್ಬಹುದು ಅಂತ ಇದ್ದೆ. ನಿನಗೆ ಜ್ವರ ಸಹ ಬರ್ಲಿಲ್ಲ! ಒಂದು ಸಲ ಬಾವಿಕಟ್ಟೆಯಲ್ಲಿ ಜಾರಿದ್ದಿ, ನಾನು ಎಣ್ಣೆ ಬಿಸಿ ಮಾಡಿ ತರುವಷ್ಟರಲ್ಲಿ ಎದ್ದು ನಡೆದು ಹೋದಿ."

ಮೂಸಕುಂಞಿ ಮೆಟ್ಟಿಲ ಮೇಲೆ ಕುಳಿತ. "ಮತ್ತೆ ಅಷ್ಟು ಅತ್ತದ್ದು?"

"ಅಳು ಬಂತು, ಅತ್ತೆ. ಅಳ್ಲಿಕ್ಕೆ ವೀಸಾ ಬೇಕಾ?"

ಅವನು ಬೈರಾಸಿನಿಂದ ಮುಖ ಒರೆಸಿಕೊಂಡ. ಕಚೇರಿಯ ಬಾಗಿಲಲ್ಲಿ ನಿಂತಿದ್ದ ಯಶಸ್ವಿ ಕೇಳಿಯೂ ಕೇಳದವಳಂತೆ ಆಚೆ ತಿರುಗಿದಳು.

"ಊರವ್ರಿಗೆ ಎಂತ ಹೇಳುದು?" ಎಂದು ಕೊನೆಗೆ ಕೇಳಿದ.

"ನಿಜ ಹೇಳು. ಹೇಗೂ ಯಾರೂ ನಂಬುದಿಲ್ಲ. ಪಾಪ, ವೀಸಾ ಕ್ಯಾನ್ಸಲ್ ಆಯ್ತು, ಮರ್ಯಾದಿಗೆ ಹಾಗೆ ಹೇಳ್ತಾರೆ ಅಂತಾರೆ. ಸಾಮಾನೆಲ್ಲ ಹಿಂದೆ ತಾ, ಮುಂದಿನ ತಿಂಗಳು ಹೋಗುವವ್ರು ಇದ್ದಾರೆ. ನಶೀದಾಳ ಮೀನು ಉಂಟಲ್ವಾ?"

ಮೂಸಕುಂಞಿ ಬೆಕ್ಕುಗಳನ್ನು ನೋಡಿದ. "ಸ್ವಲ್ಪ ಉಂಟು."

"ಸ್ವಲ್ಪ ಅಂದ್ರೆ?" ಎಂದು ನುಸೈಬಾ ಸುರು ಮಾಡಿದಳು. ಒಂದು ಕಟ್ಟು ಮೀನು ಕಾಯಲು ಬರದವನು ಯಾಕೆ ಊರು ಬಿಡಬೇಕು, ಈ ಪ್ರಾಯದಲ್ಲಿ ಕಲ್ಲಿನ ಮೇಲೆ ಕುಳಿತರೆ ಮಂಡಿ ಏನಾಗಬೇಕು, ಮೂರು ದಿನ ಎಂತ ತಿಂದೆ, ಕಳೆದ ಮಳೆಗಾಲ ಮಾಡಿಗೆ ಶೀಟು ಹಾಕದೆ ಯಾಕೆ ಕುಳಿತೆ, ಆಸಿಯಾತ್ತ ಹೋದ ಮೇಲೆ ಒಂದು ದಿನವಾದರೂ ಸರಿಯಾಗಿ ಸಾರು ಮಾಡಿದ್ದುಂಟಾ, ನನಗೆ ವಾಸನೆ ಬರುವುದಿಲ್ಲವಾ. ಒಂಬತ್ತು ವರ್ಷದ್ದು ಒಂದೊಂದಾಗಿ ಬರತೊಡಗಿತು. ಮೂಸಕುಂಞಿ ಹೂಂ, ಹೂಂ ಎನ್ನುತ್ತ ಕೇಳಿದ. ನೀರು ಮತ್ತೆ ಏರಿ ಬಂದು ಅವನ ಪಾದ ಮುಟ್ಟಿತು, ಆಮೇಲೆ ಲುಂಗಿಯ ಅಂಚು ಒದ್ದೆಯಾಯಿತು. ಎದ್ದರೆ ಎಲ್ಲಿ ನೆಟ್‌ವರ್ಕ್ ಹೋಗುತ್ತದೋ ಎಂದು ಅವನು ಕೂತಲ್ಲಿಂದ ಕದಲಲಿಲ್ಲ.